ಅರಿಶಿನ ಮೆತ್ತಿಕೊಂಡು ಬಂದ ಬಯಾಪ್ಸಿ

ಡಬ್ಬಿಯ ಮುಚ್ಚಳ ತೆಗೆದರೆ ಒಳಗಿನ ನೀರು ಹಳದಿಯಾಗಿತ್ತು. ಮಾಂಸ ಕೆಡದಂತೆ ಹಾಕುವ ಫಾರ್ಮಲಿನ್‌ಗೆ ಆ ಬಣ್ಣ ಬರುವುದಿಲ್ಲ. ರಕ್ತ ಬೆರೆತರೆ ಕಂದಾಗುತ್ತದೆ, ಹಳೆಯದಾದರೆ ಕದಡುತ್ತದೆ, ಅಷ್ಟೇ. ಮೂಗಿನ ಹತ್ತಿರ ಹಿಡಿದೆ. ಕಣ್ಣು ಉರಿಯಲಿಲ್ಲ, ಅಡುಗೆಮನೆಯ ವಾಸನೆ ಬಂತು. ತಳದಲ್ಲಿ ಅಕ್ಕಿ ನುಚ್ಚಿನಷ್ಟು ಗಾತ್ರದ ನಾಲ್ಕೈದು ಮಾಂಸದ ಚೂರು ಬಿದ್ದಿದ್ದವು. ಅವೂ ಹಳದಿ. ಡಬ್ಬಿಯ ಮೇಲಿನ ಚೀಟಿಯಲ್ಲಿ ಗುಂಡ್ಲುಪೇಟೆಯ ಕಿವಿ, ಮೂಗು, ಗಂಟಲು ಡಾಕ್ಟರು ಬರೆದಿದ್ದರು: ದನಿಪೆಟ್ಟಿಗೆಯ ಮೇಲೆ ಬೆಳವಣಿಗೆ, ಕ್ಯಾನ್ಸರ್ ಇದೆಯೇ ನೋಡಿ.

ಚಾಮರಾಜನಗರದಲ್ಲಿ ನಾನು ಕೆಲಸ ಮಾಡುವ ಲ್ಯಾಬ್ ದೊಡ್ಡದೇನಲ್ಲ. ಸುತ್ತಲಿನ ನರ್ಸಿಂಗ್ ಹೋಮ್‌ಗಳಲ್ಲಿ ತೆಗೆದ ಗಂಟು, ಗಡ್ಡೆ, ಗರ್ಭಕೋಶ, ಗಂಟಲಿನ ಚೂರು ಎಲ್ಲ ನಮ್ಮಲ್ಲಿಗೆ ಬರುತ್ತವೆ. ಅವನ್ನು ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡುವುದು, ಆ ಬ್ಲಾಕನ್ನು ಮೈಕ್ರೋಟೋಮ್ ಎಂಬ ಕೈಚಕ್ರದ ಯಂತ್ರಕ್ಕೆ ಕೂರಿಸಿ ಕೂದಲಿಗಿಂತ ಎಷ್ಟೋ ತೆಳ್ಳಗೆ ಕೊಯ್ಯುವುದು, ಕೊಯ್ದ ಪದರವನ್ನು ಗಾಜಿನ ಮೇಲೆ ಹತ್ತಿಸಿ ಬಣ್ಣ ಹಾಕುವುದು ನನ್ನ ಕೆಲಸ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಇದು ಇಂಥ ರೋಗ ಎಂದು ಹೇಳುವುದು ಪೆಥಾಲಜಿ ಡಾಕ್ಟರಮ್ಮನ ಕೆಲಸ. ನಾವು ಮೇಡಂ ಅನ್ನುತ್ತೇವೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಹೇಳಿಕೊಳ್ಳಲು ಸಂಕೋಚವಿಲ್ಲ. ನಾನು ಕೊಯ್ದ ಒಂದು ಪದರವೂ ಸುಕ್ಕಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಸುಕ್ಕಾದದ್ದು ಕಡಿಮೆ ಎಂದರೆ ಯಾರೂ ಇಲ್ಲವೆನ್ನಲಾರರು.

ಡಬ್ಬಿ ತಂದ ಹೆಂಗಸು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ರೋಗಿಯ ಹೆಂಡತಿ. ತೆರಕಣಾಂಬಿ ಮೇಲೆ ಹಾದು ಬರುವ ಬಸ್ಸಿನಲ್ಲಿ ಬಂದವರು, ಮಡಿಲಲ್ಲಿ ಖಾಲಿ ಕೈಚೀಲ. ಡಾಕ್ಟರು ಹಾಕಿಕೊಟ್ಟ ನೀರು ಏನಾಯಿತು ಎಂದು ಕೇಳಿದೆ.

"ಅದು ಕೆಟ್ಟೋಗಿತ್ತು ಕಣಣ್ಣ," ಎಂದರು ಆಕೆ. "ಮುಚ್ಳ ತೆಗುದ್ರೆ ಕಣ್ಣೆಲ್ಲ ಉರೀತು. ನಮ್ಮತ್ತೆ ಕೆಮ್ಮಕ್ಕೆ ಸುರು ಮಾಡುದ್ರು. ಇನ್ನ ಮಾಂಸ ಉಳುದದಾ ಅಂತ ಚೆಲ್ಬುಟ್ಟು ಅರಿಸ್ಣದ ನೀರು ಉಯ್ದೆ. ನಮ್ಮನೇದೆ ಅರಿಸ್ಣ, ಅಂಗಡೀದಲ್ಲ."

ಬಯಾಪ್ಸಿ ತೆಗೆದದ್ದು ಶನಿವಾರ. ಅರಿವಳಿಕೆಯಿಂದ ಗಂಡ ಎಚ್ಚರಾಗುವುದು ತಡವಾಗಿ ಅವತ್ತಿನ ಬಸ್ಸು ತಪ್ಪಿತು. ಭಾನುವಾರ ನಮ್ಮ ಲ್ಯಾಬಿಗೆ ಬೀಗ. ಡಬ್ಬಿ ಮನೆಯ ಗೂಡಿನಲ್ಲಿ ಕೂತಿತು. ಸೋಮವಾರ ಬೆಳಗ್ಗೆ ಆಕೆ ತಂದರು. ಎಷ್ಟು ಹೊತ್ತು ಫಾರ್ಮಲಿನ್‌ನಲ್ಲಿತ್ತು, ಎಷ್ಟು ಹೊತ್ತು ಅರಿಶಿನದಲ್ಲಿತ್ತು ಎಂದು ಬಿಡಿಸಿ ಕೇಳಿದೆ. ಶನಿವಾರ ಇಡೀ ದಿನ ಡಾಕ್ಟರ ನೀರಿನಲ್ಲೇ ಇತ್ತಂತೆ, ಅರಿಶಿನಕ್ಕೆ ಬಿದ್ದದ್ದು ಭಾನುವಾರ. ಅದು ನಮ್ಮ ಪುಣ್ಯ. ಫಾರ್ಮಲಿನ್ ಮಾಂಸವನ್ನು ಕೊಳೆಯದಂತೆ ಬಿಗಿದು ನಿಲ್ಲಿಸುತ್ತದೆ, ಅಷ್ಟು ಚಿಕ್ಕ ಚೂರಿಗೆ ಒಂದು ಹಗಲು ಸಾಕು. ನಮ್ಮ ಕಡೆ ಗಾಯಕ್ಕೂ ಅರಿಶಿನ, ಮಾರನೆ ದಿನಕ್ಕೆ ಉಳಿಸುವ ಮಾಂಸಕ್ಕೂ ಅರಿಶಿನ, ಉಪ್ಪು. ಉಪ್ಪು ಹಾಕಿಲ್ಲ ತಾನೆ ಎಂದು ಕೇಳಿಯೇಬಿಟ್ಟೆ. ಹಾಕಿರಲಿಲ್ಲ. ಆಕೆಯನ್ನು ಬೈಯುವ ಮನಸ್ಸಾಗಲಿಲ್ಲ. ಈ ವಾಸನೆ ಇರಬೇಕಾದದ್ದೇ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಇಂಥ ಸ್ಯಾಂಪಲ್ಲನ್ನು ವಾಪಸ್ ಕಳಿಸಿ ಹೊಸದು ತನ್ನಿ ಎನ್ನುವುದು ಲ್ಯಾಬಿನ ಕ್ರಮ. ಮೇಡಂ ಹಾಗೆ ಹೇಳಲೆಂದೇ ಗುಂಡ್ಲುಪೇಟೆಗೆ ಫೋನ್ ಮಾಡಿದರು. ಅತ್ತಕಡೆಯ ಡಾಕ್ಟರು ಹೇಳಿದ್ದನ್ನು ಕೇಳಿ ಹೊಸದು ಕೇಳುವ ಮಾತು ಕೈಬಿಟ್ಟರು. ಬೆಳವಣಿಗೆ ದನಿಪೆಟ್ಟಿಗೆಯ ಮೇಲೇ ಕೂತಿದೆ, ಉಸಿರಿನ ದಾರಿ ಕಿರಿದಾಗಿದೆ, ಮೊನ್ನೆ ಅರಿವಳಿಕೆಯ ನಳಿಕೆ ಇಳಿಸಿದ್ದೇ ಹೆಚ್ಚು. ಮತ್ತೆ ಚೂರು ತೆಗೆಯಬೇಕಾದರೆ ಮೊದಲು ಕತ್ತಿಗೆ ತೂತು ಮಾಡಿ ಉಸಿರಾಟಕ್ಕೆ ದಾರಿ ಮಾಡಬೇಕು. ಆ ತೂತನ್ನು ಮತ್ತೆ ಮುಚ್ಚುತ್ತೇನೆಂದು ಈಗಲೇ ಮಾತು ಕೊಡಲಾರೆ ಎಂದರಂತೆ. ಇರುವುದರಲ್ಲಿ ಏನಾದರೂ ಆಗುತ್ತದೆಯೇ ನೋಡಿ, ಶನಿವಾರದವರೆಗೆ ಕಾಯುತ್ತೇನೆ, ಆಮೇಲೆ ಕಾಯುವಂತಿಲ್ಲ ಎಂದೂ ಹೇಳಿದರಂತೆ.

ರೋಗಿ ಗುಂಡ್ಲುಪೇಟೆಯ ತರಕಾರಿ ಮಾರ್ಕೆಟ್ಟಿನಲ್ಲಿ ಹರಾಜು ಕೂಗುವವರು ಎಂದು ಅವರ ಹೆಂಡತಿಯಿಂದ ತಿಳಿಯಿತು. ಕನ್ನಡದಲ್ಲಿ ಶುರು ಮಾಡಿ ತಮಿಳಿನಲ್ಲಿ ಏರಿಸಿ ಮಲಯಾಳದಲ್ಲಿ ಮುಗಿಸುತ್ತಿದ್ದರಂತೆ. ಕೇರಳದ ಲಾರಿಯವರು ಅವರ ದನಿ ಕೇಳಿಯೇ ಟೀ ಬಿಟ್ಟು ಏಳುತ್ತಿದ್ದರಂತೆ. ಕೆಲವು ತಿಂಗಳಿಂದ ಆ ದನಿ ಒಡೆದಿತ್ತು.

ಚೂರುಗಳನ್ನು ಹೊಸ ಫಾರ್ಮಲಿನ್‌ಗೆ ಹಾಕಿ ಮರುದಿನದವರೆಗೆ ಮುಟ್ಟಲಿಲ್ಲ. ಆಮೇಲೆ ಎಂದಿನ ಕ್ರಮ. ನೀರಿನಂಶ ಹೋಗುವಂತೆ ಆಲ್ಕೋಹಾಲ್, ಆಲ್ಕೋಹಾಲ್ ಹೋಗುವಂತೆ ಜೈಲೀನ್, ಜೈಲೀನ್ ಜಾಗಕ್ಕೆ ಕರಗಿದ ಮೇಣ. ಆಲ್ಕೋಹಾಲ್‌ನಲ್ಲಿ ಬಹುಪಾಲು ಹಳದಿ ಬಿಟ್ಟಿತು. ಆದರೂ ಬ್ಲಾಕ್ ಮಾಡುವಾಗ ಚೂರಿನ ಯಾವ ಮುಖ ಮೇಲ್ಮೈ, ಯಾವ ಮುಖ ಒಳಗಿನದು ಎಂದು ಗೊತ್ತಾಗುವಂತಿರಲಿಲ್ಲ. ಹೇಗೆ ಕೂತವೋ ಹಾಗೇ ಹುದುಗಿಸಿದೆ. ಬುಧವಾರ ಮೊದಲ ಸ್ಲೈಡು ಮೇಡಂ ಮೇಜಿಗೆ ಹೋಯಿತು.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನೂ ಕರೆದು ಜೋಡಿ ಮೈಕ್ರೋಸ್ಕೋಪಿನ ಇನ್ನೊಂದು ಕಣ್ಣಿಗೆ ಕೂರಿಸಿದರು. ಅದು ಅವರ ಅಭ್ಯಾಸ. ಕೊಯ್ದವನು ಕೊಯ್ದದ್ದನ್ನು ನೋಡಬೇಕು ಅನ್ನುತ್ತಾರೆ. ಎಲ್ಲಿ ನೋಡಿದರೂ ಸಾಸಿವೆ ಚೆಲ್ಲಿದಂತೆ ಸಣ್ಣ ನೀಲಿ ಚುಕ್ಕಿಗಳು. ಅವೆಲ್ಲ ಲಿಂಫೋಸೈಟ್, ಮೈಯೊಳಗಿನ ರೋಗನಿರೋಧಕ ಜೀವಕೋಶಗಳು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ದಪ್ಪ, ವಿಕಾರವಾದ ಕೋಶ.

"ಎರಡು ದಾರಿ ಇದೆ," ಎಂದರು ಮೇಡಂ. "ಈ ಸಣ್ಣ ಕೋಶಗಳೇ ರೋಗ ಆಗಿದ್ರೆ ಇದು ಲಿಂಫೋಮ, ಅವುಗಳದ್ದೇ ಕ್ಯಾನ್ಸರ್. ಅದಕ್ಕೆ ಬೇರೆ ಔಷಧಿ. ಇಲ್ಲ, ದಪ್ಪ ಕೋಶ ಕ್ಯಾನ್ಸರು, ಈ ಸಣ್ಣವು ಅದರ ಮೇಲೆ ಬಿದ್ದಿರೋ ಕಾವಲು ಪಡೆ ಅಂದ್ರೆ ಇದು ಮಾಮೂಲಿ ಗಂಟಲು ಕ್ಯಾನ್ಸರ್. ಆಗ ಈ ಪಡೆ ಇಷ್ಟು ದೊಡ್ಡದಾಗಿರೋದು ಒಳ್ಳೇ ಗುರುತು. ಆದ್ರೆ ಈ ಸ್ಲೈಡ್ ನೋಡಿ ನಾನು ಯಾವುದನ್ನೂ ಹೇಳಲಾರೆ."

ಒಳ್ಳೆಯ ಗುರುತು ಎಂದದ್ದು ಏಕೆಂದು ನನಗೆ ಗೊತ್ತಿತ್ತು. ಮೇಡಂ ಆಗ ಅದೇ ವಿಷಯದ ಅಧ್ಯಯನದಲ್ಲಿದ್ದರು. ಗಂಟಲು ಕ್ಯಾನ್ಸರಿನ ಹಳೆಯ ಬ್ಲಾಕುಗಳನ್ನು ತೆಗೆಸಿ, ಅವುಗಳಲ್ಲಿ ರೋಗನಿರೋಧಕ ಕೋಶಗಳು ಎಷ್ಟಿವೆ, ಎಲ್ಲಿ ನಿಂತಿವೆ ಎಂದು ಎಣಿಸಿ, ಆ ರೋಗಿಗಳು ಮುಂದೆ ಹೇಗಿದ್ದಾರೆ ಎಂಬುದರ ಜೊತೆ ಹೋಲಿಸುತ್ತಿದ್ದರು. ಆ ಬ್ಲಾಕುಗಳನ್ನೆಲ್ಲ ಕೊಯ್ದವನು ನಾನು. ಮೊದಮೊದಲು ಮೇಡಂ ಹೇಳಿದ್ದು ನನಗೆ ಹಿಡಿತಕ್ಕೆ ಸಿಗಲಿಲ್ಲ. ನಮ್ಮೂರಿನ ಲೆಕ್ಕಕ್ಕೆ ತಂದುಕೊಂಡ ಮೇಲೆ ಸಿಕ್ಕಿತು. ನಮ್ಮೂರು ಗೋಪಾಲಸ್ವಾಮಿ ಬೆಟ್ಟದ ಕೆಳಗೆ, ಕಾಡಿನ ಅಂಚಿಗೆ. ಆನೆ ಹೊಲಕ್ಕೆ ಬೀಳುತ್ತದೆಂದು ಜನ ಕಾವಲು ಇರುತ್ತಾರೆ. ಬದುವಿನ ಮೇಲೆ ನಿಂತು ಕೂಗಿದರೆ ಆನೆ ತಿನ್ನುವುದನ್ನು ನಿಲ್ಲಿಸುವುದಿಲ್ಲ. ಫಸಲಿನ ಒಳಗೇ ನುಗ್ಗಿ ತಮಟೆ ಬಡಿದರೆ ಹಿಂದೆ ಸರಿಯುತ್ತದೆ. ಕೋಶಗಳೂ ಹಾಗೆಯೇ. ಕೆಲವರಲ್ಲಿ ಕ್ಯಾನ್ಸರಿನ ಗುಂಪಿನ ಸುತ್ತ ಬದುವಿನ ಮೇಲೆ ನಿಂತಿರುತ್ತವೆ, ಕೆಲವರಲ್ಲಿ ಗುಂಪಿನೊಳಗೇ ನುಗ್ಗಿರುತ್ತವೆ. ಒಳಗೆ ನುಗ್ಗಿದ್ದರೆ ಆ ರೋಗಿಗಳು ಸಾಮಾನ್ಯವಾಗಿ ಚೆನ್ನಾಗಿರುತ್ತಾರೆ. ಇದನ್ನು ಹೇಳಿದಾಗ ಮೇಡಂ ನಕ್ಕು, ಸಾಮಾನ್ಯವಾಗಿ ಅನ್ನೋ ಮಾತನ್ನ ಮಾತ್ರ ಯಾವತ್ತೂ ಬಿಡಬೇಡಿ ಎಂದಿದ್ದರು.

ಎರಡು ದಾರಿಯಲ್ಲಿ ಯಾವುದು ಎಂದು ತಿಳಿಯಲು ವಿಶೇಷ ಬಣ್ಣ ಬೇಕು. ಆ್ಯಂಟಿಬಾಡಿ ಎಂಬ ದ್ರವ ಹಾಕಿದರೆ ಅದು ಒಂದೊಂದು ಜಾತಿಯ ಕೋಶಕ್ಕೆ ಮಾತ್ರ ಅಂಟುತ್ತದೆ, ಅಂಟಿದಲ್ಲಿ ಕಂದು ಬಣ್ಣ ಬರುತ್ತದೆ. ಅಧ್ಯಯನಕ್ಕೆಂದು ತರಿಸಿದ್ದ ಆ್ಯಂಟಿಬಾಡಿ ಫ್ರಿಜ್ಜಿನಲ್ಲಿತ್ತು. ಆದರೆ ಫಾರ್ಮಲಿನ್‌ನಲ್ಲಿ ಬಿಗಿದ ಮಾಂಸ ಅದನ್ನು ಸುಮ್ಮನೆ ಒಳಗೆ ಬಿಡುವುದಿಲ್ಲ. ಸ್ಲೈಡನ್ನು ಬಫರ್ ಎಂಬ ದ್ರಾವಣದಲ್ಲಿಟ್ಟು ಕುಕ್ಕರಿನಲ್ಲಿ ಬೇಯಿಸಬೇಕು. ಹೌದು, ಮನೆಯಲ್ಲಿ ಬೇಳೆ ಬೇಯಿಸುವ ಕುಕ್ಕರೇ. ವಿಷಲ್ ಎಣಿಸುವುದರಲ್ಲಿ ನನ್ನ ಹೆಂಡತಿಗಿಂತ ನಾನೇ ವಾಸಿ ಎಂದು ಮನೆಯಲ್ಲೂ ಹೇಳಿದ್ದೇನೆ, ಬೈಸಿಕೊಂಡಿದ್ದೇನೆ.

ಗುರುವಾರ ಬೆಳಗ್ಗೆ ಕುಕ್ಕರ್ ತೆರೆದಾಗ ಗಾಜಿನ ಪಾತ್ರೆಯಲ್ಲಿದ್ದ ಸ್ಲೈಡುಗಳ ಮೇಲೆ, ಮಾಂಸದ ಪದರದ ಸುತ್ತ, ಕೆಂಪು ಛಾಯೆ ಕಂಡಿತು. ಕೆಂಪು ಎಂದರೆ ರಕ್ತದ ಕೆಂಪಲ್ಲ, ಎಲ್ಲೋ ನೋಡಿದ ಕೆಂಪು. ಆಗ ತಲೆಗೆ ಹೊಳೆಯಲಿಲ್ಲ. ಮುಂದಿನ ಕೆಲಸ ಮಾಡಿದೆ. ಮಧ್ಯಾಹ್ನ ಮೇಡಂ ನೋಡಿದರೆ ಎಲ್ಲ ಕಡೆ ಕಂದು. ಕ್ಯಾನ್ಸರ್ ಕೋಶದ ಸ್ಲೈಡೂ ಕಂದು, ಲಿಂಫೋಸೈಟಿನದೂ ಕಂದು. ಮೇಡಂಗೆ ಒಂದು ನಿಯಮವಿದೆ. ಪ್ರತಿ ಸಲವೂ ಒಂದು ಸ್ಲೈಡಿಗೆ ಆ್ಯಂಟಿಬಾಡಿ ಹಾಕದೆ ಉಳಿದದ್ದನ್ನೆಲ್ಲ ಮಾಡಬೇಕು. ಅದು ಖಾಲಿ ಕಾಣಬೇಕು. ಅವತ್ತು ಅದೂ ಕಂದಾಗಿತ್ತು. ಆ ನಿಯಮ ಇಲ್ಲದಿದ್ದರೆ ಸುಳ್ಳು ಬಣ್ಣವನ್ನು ನಿಜವೆಂದು ಓದಿ ಏನೋ ಒಂದು ರಿಪೋರ್ಟು ಹೋಗಿಬಿಡುತ್ತಿತ್ತು.

ನಾನು ಕೆಂಪು ಛಾಯೆಯ ವಿಷಯ ಹೇಳಿದೆ. ಹೇಳುತ್ತಿದ್ದಂತೆ ಎಲ್ಲಿ ನೋಡಿದ್ದೆಂದು ನೆನಪಾಯಿತು. ಮದುಮಕ್ಕಳನ್ನು ಮನೆ ತುಂಬಿಸಿಕೊಳ್ಳುವಾಗ ಎತ್ತುವ ಆರತಿ ತಟ್ಟೆ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೇ ಕೆಂಪು.

"ನಮ್ಮ ಬಫರ್ ಕ್ಷಾರ," ಎಂದರು ಮೇಡಂ ತಕ್ಷಣ. "ಸುಣ್ಣದ ಜಾತೀನೇ. ಆ ಕೆಂಪೇ ಇಲ್ಲಿ ಕಂದಾಗಿ ಕಾಣ್ತಿದೆ. ಆದ್ರೆ ಆಲ್ಕೋಹಾಲ್‌ನಲ್ಲಿ ಅರಿಶಿನ ಎಲ್ಲ ಹೋಗಿರಬೇಕಿತ್ತು. ಬರೀ ಅರಿಶಿನದ ನೀರಾದ್ರೆ ಇಷ್ಟು ಉಳಿಯಲ್ಲ."

ಆ ಹೊತ್ತಿಗೆ ಸರಿಯಾಗಿ ಗಂಡ ಹೆಂಡತಿ ಇಬ್ಬರೂ ರಿಪೋರ್ಟ್ ಕೇಳಲು ಬಂದರು. ಹರಾಜಿನವರನ್ನು ನಾನು ನೋಡಿದ್ದು ಅದೇ ಮೊದಲು. ದಪ್ಪ ಆಳು, ಬಿಳಿ ಶರ್ಟು, ಹೆಗಲ ಮೇಲೆ ಟವೆಲ್ಲು. ಉಸಿರು ಎಳೆದುಕೊಂಡಾಗ ಸಣ್ಣಗೆ ಸಿಳ್ಳೆ ಹಾಕಿದಂತೆ ಶಬ್ದ. ಮಾತಾಡಿದರೆ ಗಾಳಿಯಷ್ಟೇ ಬರುತ್ತಿತ್ತು, ಆದರೂ ಮಾತು ನಿಲ್ಲಿಸುವ ಮನುಷ್ಯರಲ್ಲ.

"ಏನಣ್ಣೋ," ಎಂದರು ಪಿಸುದನಿಯಲ್ಲಿ, "ನನ್ ಗಂಟ್ಲು ಯಾವ್ ರೇಟ್ಗೆ ಓಯ್ತು?"

ಒಂದು ನಿಮಿಷ ತಡೆಯಿರಿ ಎಂದು ನಾನು ಕೈ ಎತ್ತಿದೆ. ಅವರಿಗೆ ನಗು ಬಂತು. "ಕೈ ಎತ್ಬ್ಯಾಡಿ. ನಮ್ ಮಾರ್ಕೆಟಲ್ಲಿ ಇಂಗ್ ಕೈ ಎತ್ತುದ್ರೆ ಕೂಗಿದ್ ರೇಟ್ಗೆ ಮೂಟೆ ನಿಮ್ದೆ."

ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಕೇಳಿದೆ. ತಾಯಿ, ತಪ್ಪು ಹುಡುಕಲು ಕೇಳುತ್ತಿಲ್ಲ, ಕೆಲಸಕ್ಕೆ ಬೇಕು, ಅರಿಶಿನ ಹಾಕಿದ್ದು ಹೇಗೆ, ನೀರಿಗೆ ಮಾತ್ರವೋ. ಆಕೆ ಗಂಡನ ಮುಖ ನೋಡಿದರು. ಆಮೇಲೆ ಹೇಳಿದರು. ಚೂರುಗಳನ್ನು ಅಂಗೈಗೆ ತೆಗೆದುಕೊಂಡು, ಅರೆದ ಅರಿಶಿನವನ್ನು ಗಾಯಕ್ಕೆ ಮೆತ್ತುವಂತೆ ಒಂದೊಂದಕ್ಕೂ ಮೆತ್ತಿ, ಆಮೇಲೆ ನೀರಿಗೆ ಹಾಕಿದ್ದರು.

"ಅವ್ರ ಮೈಯಿಂದ ಬಂದದ್ದಲ್ವಾ," ಎಂದರು. "ಸುಮ್ನೆ ನೀರ್ಗೆ ಎಸ್ಯಕ್ಕೆ ಕೈ ಬರ್ನಿಲ್ಲ."

ಹರಾಜಿನವರು ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ನನ್ನನ್ನೇ ಕೇಳಿದರು. "ಡಾಕ್ಟ್ರು ಕತ್ಗೆ ತೂತ್ ಮಾಡ್ಬೇಕಾಗ್ಬೌದು ಅಂತಾವ್ರೆ. ತೂತಿಂದ ಗಾಳಿ ಓದ್ರೆ ನಾನು ಕೂಗೋದೆಂಗಣ್ಣ? ಇದ್ರಲ್ಲೇ ಏನಾರ ಮಾಡಕ್ ಆದದಾ?"

ನೋಡುತ್ತೇನೆ ಎಂದೆ. ಆಗುತ್ತದೆ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಬ್ಲಾಕಿನಲ್ಲಿ ಉಳಿದದ್ದು ತೀರ ಸ್ವಲ್ಪ. ನಮ್ಮ ಮುಂದೆ ಎರಡು ಕ್ರಮವಿತ್ತು. ಒಂದು, ಇದ್ದದ್ದನ್ನು ಇದ್ದಂತೆಯೇ ಕೊಯ್ದು, ಸ್ಲೈಡುಗಳನ್ನು ಆಲ್ಕೋಹಾಲ್‌ನಲ್ಲಿ ಇನ್ನಷ್ಟು ತೊಳೆದು ನೋಡುವುದು. ಅರಿಶಿನದ ಪುಡಿ ಹುಣ್ಣಿನ ಬಿರುಕುಗಳೊಳಗೆ ಕೂತಿದ್ದರೆ ಅದು ಪ್ರತಿ ಪದರದಲ್ಲೂ ಬರುತ್ತದೆ. ತೊಳೆದು ತೊಳೆದು ಮಾಂಸವೇ ಗಾಜಿನಿಂದ ಎದ್ದುಹೋಗಬಹುದು. ಇನ್ನೊಂದು, ಬ್ಲಾಕನ್ನೇ ಕರಗಿಸಿ, ಚೂರುಗಳನ್ನು ಹೊರತೆಗೆದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸುವುದು. ಮೇಣ ಬಿಡಿಸಲು ಜೈಲೀನ್, ಆಮೇಲೆ ಆಲ್ಕೋಹಾಲ್. ಅಲ್ಲಿ ಪುಡಿಯನ್ನು ಕೈಯಿಂದಲೇ ಬಿಡಿಸಿ, ಇಡೀ ರಾತ್ರಿ ನೆನೆಯಲು ಬಿಟ್ಟು, ಮತ್ತೆ ಮೇಣಕ್ಕೆ ತಂದು ಹೊಸ ಬ್ಲಾಕ್ ಮಾಡುವುದು. ಇದರಲ್ಲಿ ಬಣ್ಣ ಖಂಡಿತ ಹೋಗುತ್ತದೆ. ಆದರೆ ಉಳಿದ ಚೂರು ಎಳ್ಳಿನಷ್ಟು. ಅಷ್ಟು ಸಲ ಆಲ್ಕೋಹಾಲ್ ಕುಡಿದ ಮಾಂಸ ಹಪ್ಪಳದಂತೆ ಸೆಟೆಯುತ್ತದೆ. ಚಿಮ್ಮಟದ ತುದಿಯಲ್ಲಿ ಪುಡಿಯಾದರೆ, ಇಲ್ಲವೇ ಎಲ್ಲೋ ಅಂಟಿಕೊಂಡು ಕಳೆದರೆ ಅಲ್ಲಿಗೆ ಮುಗಿಯಿತು. ಮೊದಲ ಕ್ರಮದಲ್ಲಿ ಸೋತರೂ ಯಾರೂ ನಮ್ಮನ್ನು ಕೇಳುವುದಿಲ್ಲ. ಎರಡನೆಯದರಲ್ಲಿ ಸೋತರೆ ನನ್ನ ಕೈಯಲ್ಲಿ ಸೋತಂತೆ.

ಮೇಡಂ ಎರಡನ್ನೂ ಹೇಳಿ ನನ್ನ ಕಡೆ ನೋಡಿದರು. "ಓದೋದು ನನ್ನ ಜವಾಬ್ದಾರಿ. ಆ ಚೂರನ್ನ ಹಿಡಿಯೋ ಕೈ ನಿಮ್ದು. ನೀವು ಹೂಂ ಅಂದ್ರೆ ಮಾತ್ರ."

ನಾನು ಬ್ಲಾಕನ್ನು ಬೆಳಕಿಗೆ ಹಿಡಿದು ನೋಡಿದೆ. ನನ್ನ ಕೈ ನನಗೆ ಗೊತ್ತು. ಇದಕ್ಕಿಂತ ಚಿಕ್ಕ ಚೂರನ್ನು ನಾನು ಮೇಣದಲ್ಲಿ ನಿಲ್ಲಿಸಿದ್ದೇನೆ, ಹಿಂದಕ್ಕೆ ನಡೆಸಿರಲಿಲ್ಲ, ಅಷ್ಟೇ. ಕರಗಿಸೋಣ ಮೇಡಂ ಎಂದೆ.

ಸಂಜೆಗೆ ಮುಂಚೆಯೇ ಬ್ಲಾಕ್ ಕರಗಿತು. ಚೂರುಗಳನ್ನು ಎತ್ತಲು ಚಿಮ್ಮಟ ಮುಟ್ಟಲಿಲ್ಲ. ತೆಳು ಬ್ರಷ್ಷಿನ ತುದಿಯನ್ನು ಒದ್ದೆ ಮಾಡಿ ಅದಕ್ಕೆ ಅಂಟಿಸಿಕೊಂಡು ಎತ್ತಿದೆ. ಜೈಲೀನ್‌ನಲ್ಲಿ ಮೇಣ ಬಿಟ್ಟಮೇಲೆ ಆಲ್ಕೋಹಾಲಿನ ಬಿಳಿ ತಟ್ಟೆಗೆ ಹಾಕಿ, ಮೇಲೆ ಭೂತಗನ್ನಡಿ ಇಟ್ಟು ನೋಡಿದರೆ ದೊಡ್ಡ ಚೂರಿನ ಒಂದು ಮುಖದ ತುಂಬ ಸಣ್ಣ ಸಣ್ಣ ಹಳದಿ ಕಣ. ಬ್ರಷ್ಷಿನಿಂದ ಒಂದೊಂದನ್ನೇ ಸವರಿ ಬಿಡಿಸಿದೆ. ಮಲಗಿದ ಮಗುವಿನ ಕಣ್ಣಿನ ಪಿಸರು ತೆಗೆಯುವಷ್ಟು ಹಗುರವಾಗಿ. ಆಲ್ಕೋಹಾಲ್ ಹಳದಿಯಾಯಿತು, ಚೆಲ್ಲಿ ಹೊಸದು ಹಾಕಿದೆ. ಮತ್ತೆ ಹಳದಿ. ಆಲ್ಕೋಹಾಲ್ ತಿಳಿಯಾಗಿ ನಿಂತ ಮೇಲೆ ಮುಚ್ಚಿಟ್ಟು ಮನೆಗೆ ಹೋದೆ.

ಶುಕ್ರವಾರ ಬೆಳಗ್ಗೆ ತಟ್ಟೆ ತೆರೆದಾಗ ಆ ದೊಡ್ಡ ಚೂರು ಬಿಳಿಚಿಕೊಂಡು ಕೂತಿತ್ತು. ಹಳದಿ ಹೋದದ್ದರಿಂದ ಇನ್ನೊಂದು ಲಾಭವಾಯಿತು. ಒಂದು ಮುಖ ಒರಟು, ಇನ್ನೊಂದು ನುಣುಪು ಎಂದು ಈಗ ಸ್ಪಷ್ಟವಾಗಿ ಕಂಡಿತು. ಯಾವುದು ಹುಣ್ಣಿನ ಮೇಲ್ಮೈ, ಯಾವುದು ಒಳಗಿನದು ಎಂದು ಗೊತ್ತಾಯಿತು. ಈ ಸಲ ಚೂರನ್ನು ಮಲಗಿಸದೆ ಮೇಣದಲ್ಲಿ ಅಂಚಿನ ಮೇಲೆ ನಿಲ್ಲಿಸಿದೆ. ರೊಟ್ಟಿಯನ್ನು ಮಲಗಿಸಿ ಕೊಯ್ದರೆ ಬರೀ ಸೀದ ಮೇಲ್ಪದರ ಸಿಗುತ್ತದೆ, ನಿಲ್ಲಿಸಿ ಕೊಯ್ದರೆ ಮೇಲಿನಿಂದ ಕೆಳಗಿನವರೆಗೆ ಎಲ್ಲ ಕಾಣುತ್ತದೆ. ಮೇಣ ಗಟ್ಟಿಯಾಗುವವರೆಗೆ ಬಿಸಿ ಸೂಜಿಯಿಂದ ಅದನ್ನು ನೆಟ್ಟಗೆ ಹಿಡಿದುಕೊಂಡಿದ್ದೆ.

ಕೊಯ್ಯಲು ಕೂರುವ ಹೊತ್ತಿಗೆ ಕರೆಂಟ್ ಹೋಯಿತು. ಮೈಕ್ರೋಟೋಮಿಗೆ ಕರೆಂಟ್ ಬೇಡ, ಕೈಯೇ ಸಾಕು. ಆದರೆ ಬ್ಲಾಕ್ ತಣ್ಣಗಿರಬೇಕು, ಕೊಯ್ದ ಪದರ ತೇಲಲು ಬಿಸಿನೀರು ಬೇಕು. ಜನರೇಟರ್ ರಿಪೇರಿಗೆ ಹೋಗಿತ್ತು. ಫ್ರಿಜ್ಜಿನ ಐಸ್ ಎಷ್ಟು ಹೊತ್ತು ನಿಂತೀತು? ಬಸ್ ಸ್ಟ್ಯಾಂಡ್ ಹತ್ತಿರದ ಜ್ಯೂಸ್ ಅಂಗಡಿಯಿಂದ ಐಸ್ ತಂದೆ, ಪಕ್ಕದ ಟೀ ಅಂಗಡಿಯಿಂದ ಕೆಟಲಿನಲ್ಲಿ ಬಿಸಿನೀರು. ಟೀಯವನು ಎಷ್ಟು ಬಿಸಿ ಬೇಕು ಎಂದು ಕೇಳಿದ. ಬೆರಳು ಅದ್ದಿದರೆ ಹಿತ ಅನ್ನಿಸಬೇಕು, ಎರಡು ಸಲ ಅದ್ದಲು ಮನಸ್ಸಾಗಬೇಕು ಎಂದೆ. ಸ್ನಾನಕ್ಕಾ ಸಾರ್ ಎಂದ.

ಸಾಮಾನ್ಯವಾಗಿ ಬ್ಲಾಕಿನ ಮುಖ ಸಮ ಆಗುವವರೆಗೆ ಮೊದಲ ಕೆಲವು ಪದರ ಎಸೆಯುತ್ತೇವೆ. ಅವತ್ತು ಒಂದನ್ನೂ ಎಸೆಯಲಿಲ್ಲ. ಚಕ್ರ ತಿರುಗಿಸಿದಂತೆ ಪದರಗಳು ಒಂದಕ್ಕೊಂದು ಅಂಟಿ ರಿಬ್ಬನ್ನಿನಂತೆ ಇಳಿದವು. ಸೆಟೆದ ಮಾಂಸ ನಡುವೆ ಒಂದು ಸಲ ಬಿರಿಯಿತು. ಅಲ್ಲಿ ನಿಲ್ಲಿಸಿ ಬ್ಲಾಕಿನ ಮುಖಕ್ಕೆ ಒದ್ದೆ ಹತ್ತಿ ಒತ್ತಿ, ಐಸಿನ ಮೇಲೆ ಮಲಗಿಸಿ, ಅದು ಸ್ವಲ್ಪ ನೀರು ಕುಡಿಯಲು ಬಿಟ್ಟೆ. ಆಮೇಲೆ ಒಂದೇ ಸಮ ಬಂತು. ಕೆಟಲಿನ ನೀರಿನಲ್ಲಿ ತೇಲಿಬಿಟ್ಟಾಗ ಪದರ ಸುಕ್ಕಿಲ್ಲದೆ ಹರಡಿಕೊಂಡಿತು. ಕೊನೆಯ ಸ್ಲೈಡಿಗೆ ಹತ್ತಿಸಿದ ಮೇಲೆ ಬ್ಲಾಕಿನಲ್ಲಿ ಮೇಣ ಬಿಟ್ಟು ಹೆಚ್ಚೇನೂ ಉಳಿದಿರಲಿಲ್ಲ.

ಬೇಯಿಸುವ ಬಫರನ್ನು ಮೇಡಂ ಬದಲಾಯಿಸಿದರು. ಕ್ಷಾರದ ಬದಲು ಸಿಟ್ರಿಕ್ ಆಮ್ಲದ್ದು, ಹುಳಿಯ ಜಾತಿ. ಒಂದು ಕಣ ಅರಿಶಿನ ಉಳಿದಿದ್ದರೂ ಹುಳಿಯಲ್ಲಿ ಅದು ಕೆಂಪಾಗುವುದಿಲ್ಲ, ನಿಂಬೆಹಣ್ಣು ಹಿಂಡಿದರೆ ಆರತಿ ನೀರು ವಾಪಸ್ ಹಳದಿಯಾಗುತ್ತದಲ್ಲ, ಹಾಗೆ ಎಂದರು. ಬಣ್ಣ ಸ್ವಲ್ಪ ತಿಳಿಯಾಗಿ ಬರಬಹುದು, ಬರಲಿ, ಸುಳ್ಳು ಬಣ್ಣ ಬೇಡ. ಕರೆಂಟ್ ಬಂತು, ಕುಕ್ಕರ್ ಕೂಗಿತು, ತೆರೆದಾಗ ಬಫರ್ ನೀರಿನಷ್ಟೇ ತಿಳಿಯಾಗಿತ್ತು. ಆ್ಯಂಟಿಬಾಡಿ ಹಾಕಿ ಸ್ಲೈಡುಗಳನ್ನು ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕಿದೆವು.

ಶನಿವಾರ ಬೆಳಗ್ಗೆ ಮೇಡಂ ಮೊದಲು ನೋಡಿದ್ದು ಆ್ಯಂಟಿಬಾಡಿ ಹಾಕದ ಸ್ಲೈಡನ್ನು. ಖಾಲಿ. ಎರಡನೆಯದನ್ನು ಇಟ್ಟರು. ನನ್ನನ್ನು ಕರೆದರು. ದಪ್ಪ ಕೋಶಗಳು ಕಂದು ಬಣ್ಣ ಹಿಡಿದು ಗುಂಪು ಗುಂಪಾಗಿ ನಿಂತಿದ್ದವು. ಅವು ಕ್ಯಾನ್ಸರ್. ಸಣ್ಣವು ಆ ಬಣ್ಣ ಹಿಡಿದಿರಲಿಲ್ಲ. ಮೂರನೆಯ ಸ್ಲೈಡಿನಲ್ಲಿ ಸಣ್ಣವು ಕಂದಾಗಿದ್ದವು. ಅದು ಅವುಗಳಲ್ಲೇ ಕ್ಯಾನ್ಸರ್ ಕೋಶವನ್ನು ಕೊಲ್ಲುವ ಜಾತಿಯವನ್ನು ಹಿಡಿಯುವ ಆ್ಯಂಟಿಬಾಡಿ. ಕ್ಯಾನ್ಸರಿನ ಪ್ರತಿಯೊಂದು ಗುಂಪಿನ ಸುತ್ತಲೂ ಇದ್ದವು. ಸುತ್ತ ಮಾತ್ರವಲ್ಲ, ಒಳಗೂ ತುಂಬಿದ್ದವು.

"ಬದುವಿನ ಮೇಲಿಲ್ಲ," ಎಂದೆ.

"ಹೊಲದ ಒಳಗಿವೆ," ಎಂದರು ಮೇಡಂ, ಕಣ್ಣು ತೆಗೆಯದೆ.

ಗಂಟಲು ಕ್ಯಾನ್ಸರ್ ಹೌದು, ಲಿಂಫೋಮ ಅಲ್ಲ, ಎರಡನೇ ಬಯಾಪ್ಸಿ ಬೇಡ ಎಂದು ಅವರು ಗುಂಡ್ಲುಪೇಟೆಗೆ ಫೋನಿನಲ್ಲೇ ಹೇಳಿದರು. ಕತ್ತಿಗೆ ತೂತು ಮಾಡುವ ಮಾತು ಅಲ್ಲಿಗೆ ನಿಂತಿತು. ಉಸಿರಿನ ದಾರಿ ಇನ್ನಷ್ಟು ಮುಚ್ಚುವ ಮೊದಲೇ ಅಲ್ಲಿನ ಡಾಕ್ಟರು ಹರಾಜಿನವರನ್ನು ಮೈಸೂರಿನ ಆಸ್ಪತ್ರೆಗೆ ಕಳಿಸಿದರು. ದನಿಪೆಟ್ಟಿಗೆ ತೆಗೆಯದೆ ರೇಡಿಯೇಷನ್, ಜೊತೆಗೆ ಔಷಧಿ ಎಂದು ಅಲ್ಲಿ ತೀರ್ಮಾನವಾಯಿತು.

ಹೊರಡುವ ಮುನ್ನ ಗಂಡ ಹೆಂಡತಿ ಲ್ಯಾಬಿಗೆ ಬಂದಿದ್ದರು. ಮೇಡಂ ಅವರನ್ನು ಕೂರಿಸಿಕೊಂಡು ಹೇಳಿದರು. ನಿಮ್ಮ ಮೈಯ ಕಾವಲು ಕೋಶಗಳು ಚೆನ್ನಾಗಿ ಹೋರಾಡುತ್ತಿವೆ, ಇಂಥವರು ಸಾಮಾನ್ಯವಾಗಿ ಚೆನ್ನಾಗಿರುತ್ತಾರೆ. ಇದರಿಂದ ಚಿಕಿತ್ಸೆ ಕಡಿಮೆಯಾಗುವುದಿಲ್ಲ, ನಿಮ್ಮೊಬ್ಬರ ವಿಷಯದಲ್ಲಿ ನಾನು ಮಾತು ಕೊಡುವಂತೆಯೂ ಇಲ್ಲ, ಕರೆದಾಗಲೆಲ್ಲ ಚೆಕಪ್ಪಿಗೆ ಬರಲೇಬೇಕು. ಹರಾಜಿನವರು ಗಂಭೀರವಾಗಿ ಕೇಳಿ, "ಮಾಲ್ ಚೆನ್ನಾಗದೆ, ಊರು ಸೇರೋಗಂಟ ಗ್ಯಾರಂಟಿ ಇಲ್ಲ ಅಂತೀರಿ," ಎಂದರು. ಅದಕ್ಕಿಂತ ಸರಿಯಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ನಾನು ಆಕೆಯನ್ನು ಒಂದು ಸಲಹೆ ಕೇಳಿದೆ. ಇನ್ನು ಮುಂದೆ ನಮ್ಮಿಂದ ಹೋಗುವ ಪ್ರತಿ ಡಬ್ಬಿಯ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಬೇಕೆಂದಿದ್ದೇನೆ, ಈ ನೀರು ಚೆಲ್ಲಬೇಡಿ ಎಂದು ಬರೆದರೆ ಸಾಕೇ. ಆಕೆ ತಲೆ ಅಲ್ಲಾಡಿಸಿದರು. "ಚೆಲ್ಬ್ಯಾಡಿ ಅಂದ್ರೆ ಯಾರ್ ಕೇಳಾರಣ್ಣ? ವಾಸ್ನೆ ಬಂದ್ರೆ ಚೆಲ್ಲದೇಯಾ. ಈ ವಾಸ್ನೇನೆ ಮದ್ದು ಅಂತ ಬರೀರಿ." ಹಾಗೆಯೇ ಬರೆಸಿದೆ. ಆಮೇಲೆ ಹಳದಿ ನೀರು ನಮ್ಮ ಲ್ಯಾಬಿಗೆ ಬಂದಿಲ್ಲ.

ರೇಡಿಯೇಷನ್ ಮುಗಿದು ಎರಡು ಚೆಕಪ್ಪು ದಾಟಿದ ಮೇಲೆ, ಚೀಟಿ ಅಂಟಿಸಿದ ಖಾಲಿ ಡಬ್ಬಿಗಳನ್ನು ಅಲ್ಲಿನ ನರ್ಸಿಂಗ್ ಹೋಮಿಗೆ ಕೊಡಲು ಗುಂಡ್ಲುಪೇಟೆಗೆ ಹೋಗಿದ್ದೆ. ಗಂಟಲಿನಲ್ಲಿ ಏನೂ ಇಲ್ಲ, ಉಸಿರಿನ ದಾರಿ ತೆರೆದಿದೆ ಎಂದು ಅಲ್ಲಿನ ಡಾಕ್ಟರೇ ಹೇಳಿದರು. ವಾಪಸ್ ಬರುವಾಗ ಮಾರ್ಕೆಟ್ಟಿನ ಕಡೆ ತಿರುಗಿದೆ. ಬೀನ್ಸು, ಟೊಮೇಟೊ, ಈರುಳ್ಳಿಯ ರಾಶಿ. ಲಾರಿಗಳ ಹಾರನ್ನು, ಹಮಾಲರ ಕೂಗು. ಒಂದು ಮೂಲೆಯಲ್ಲಿ ಬೀನ್ಸ್ ಮೂಟೆಗಳ ಮುಂದೆ ಜನ ಗುಂಪಾಗಿದ್ದರು. ನಡುವೆ ಬಿಳಿ ಶರ್ಟು, ಟವೆಲ್ಲು.

ದನಿ ಮೊದಲಿನಂತೆ ಇರಲಿಲ್ಲ ಎಂದು ಮೊದಲಿನದನ್ನು ಕೇಳಿರದ ನಾನೂ ಹೇಳಬಲ್ಲೆ. ಒರಟಾಗಿತ್ತು, ಏರಿಸಿದಲ್ಲಿ ಬಿರಿಯುತ್ತಿತ್ತು. ಆದರೆ ಗಾಳಿ ಅಲ್ಲ, ದನಿ. ರೇಟು ಏರುತ್ತಿದ್ದಂತೆ ಪಕ್ಕದಲ್ಲಿ ಮೂಟೆ ಇಳಿಸುತ್ತಿದ್ದವರು ಗಲಾಟೆ ಮಾಡಿದರು. ಒಬ್ಬ ಹಮಾಲ ತಿರುಗಿ ಗದರಿದ. "ಸುಮ್ಕಿರ್ರಲಾ, ಯಜಮಾನ್ರು ಕೂಗ್ತಾವ್ರೆ." ಕೇರಳದ ವ್ಯಾಪಾರಿಯೊಬ್ಬರು ತಮ್ಮ ಡ್ರೈವರಿಗೆ ಕೈ ಸನ್ನೆ ಮಾಡಿದರು, ಇಂಜಿನ್ ನಿಂತಿತು. ಆ ಮೂಲೆಯಷ್ಟು ಜಾಗ ಸದ್ದಿಲ್ಲದಂತಾಯಿತು. ಅವರು ಅದೇ ಒರಟು ದನಿಯಲ್ಲಿ, ಅವಸರವಿಲ್ಲದೆ, ಕನ್ನಡದಲ್ಲಿ ಒಂದು ಸಲ, ತಮಿಳಿನಲ್ಲಿ ಒಂದು ಸಲ, ಮಲಯಾಳದಲ್ಲಿ ಒಂದು ಸಲ ರೇಟು ಕೂಗಿದರು.

ಹಾಗೇ ಜನರ ಮೇಲೆ ಕಣ್ಣಾಡಿಸುತ್ತ ನನ್ನನ್ನು ಕಂಡರು.

"ಹಿಂದ್ಗಡೆ ನಿಂತಿರೋ ಚಾಮರಾಜನಗ್ರದ ಅಣ್ಣಂಗೆ ಕೇಳುಸ್ತದಾ?"

ಕೇಳಿಸುತ್ತದೆ ಎಂದು ನಾನು ಕೈ ಎತ್ತಿದೆ.

ಚಾಮರಾಜನಗರದ ಬಸ್ಸಿನಲ್ಲಿ ಬೀನ್ಸ್ ಮೂಟೆಗೆ ಬೇರೆ ಟಿಕೆಟ್ ತೆಗೆಯಬೇಕಾಯಿತು.